ವಾಡೆಯಲ್ಲಿ ಯುಕುಲೇಲೆ ತೂಗಿದ್ದು

ವಾದ್ಯ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ನನ್ನ ಹತ್ತಿರ ಬಂದು ಕುಳಿತು, ಚಹಾ ಮುಗಿಸಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: ಹಳೆಯ ವಾದ್ಯ ಮೇಲೋ, ಹೊಸದು ಮೇಲೋ? ಇಡೀ ಆಯುಷ್ಯ ತಂಬೂರಿಗಳ ನಡುವೆ ಕಳೆದವನಿಗೆ ಇಷ್ಟಾದರೂ ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ಅದನ್ನು ಕೆಡಿಸಲು ಮನಸ್ಸಾಗದೆ ನಾನು ಗಂಭೀರವಾಗಿ ತಲೆಯಾಡಿಸುತ್ತ ಬಂದಿದ್ದೇನೆ. ತಲೆಯಾಡಿಸುವುದು ನಮ್ಮ ಕಸುಬಿನಲ್ಲಿ ದೊಡ್ಡ ವಿದ್ಯೆ. ಗಿರಾಕಿ ತಂಬೂರಿ ತಂದು ಮುಂದಿಟ್ಟಾಗ ಅರ್ಧ ನಿಮಿಷ ಮಾತಾಡಬಾರದು. ಬುರುಡೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಬೇಕು. "ಹ್ಞೂಂ" ಎನ್ನಬೇಕು. ಆಮೇಲೆ ತಲೆಯಾಡಿಸಬೇಕು. ಇಷ್ಟಕ್ಕೇ ಜನ ನಿಮ್ಮನ್ನು ತಜ್ಞ ಎನ್ನುತ್ತಾರೆ. ನಾನೂ ಹೀಗೆಯೇ ತಜ್ಞನಾದೆ. ಆ ತಜ್ಞತನ ಒಂದೇ ಮಧ್ಯಾಹ್ನದಲ್ಲಿ ಹೇಗೆ ಹೋಯಿತು ಎಂಬುದನ್ನು ಬರೆದಿಟ್ಟರೆ ಹೊಸಬರಿಗೆ ಹೆಚ್ಚು ಉಪಯೋಗವಾದೀತು.

ನನ್ನ ಹೆಸರು ಗುರುನಾಥ. ಊರು ಸಾಂಗಲಿ ಹತ್ತಿರದ ಕವಲಾಪುರ. ಅಪ್ಪ ಬಡಿಗ. ಊರಿನ ಎಲ್ಲ ಚಕ್ಕಡಿಗಳೂ ಅವನ ಕೈಯಲ್ಲಿ ಹುಟ್ಟಿದವು. ನಾನೂ ಚಕ್ಕಡಿ ಮಾಡುತ್ತಿದ್ದೆ. ಮದುವೆಯಾದ ಮೇಲೆ, ಬುದ್ಧಿ ಬಂದಿರಬೇಕಾದ ವಯಸ್ಸಿನಲ್ಲಿ, ಮಿರಜಕ್ಕೆ ಹೋಗಿ ತಂಬೂರಿ ಮಾಡುವುದನ್ನು ಕಲಿಯುತ್ತೇನೆ ಎಂದೆ. ಅಪ್ಪ ಉಳಿ ಕೆಳಗಿಟ್ಟು ನನ್ನನ್ನು ನೋಡಿದ.

"ಚಕ್ಕಡಿ ಮಾಡಿದ್ರ ಹೊಲಕ್ಕ ಹೋಗತೈತಿ, ತಿರುಗಿ ಮನಿಗೆ ಬರತೈತಿ. ಈ ತಂಬೂರಿ ಎಲ್ಲಿಗೆ ಹೋಗತೈತೋ?"

ನಾನು ಬುತ್ತಿ ಕಟ್ಟಿಕೊಂಡು ಹೊರಟೆ.

ಮಿರಜದಲ್ಲಿ ನಾನು ಸೇರಿದ್ದು ಒಬ್ಬ ಉಸ್ತಾದರ ಕಾರಖಾನೆಗೆ. ಕಾರಖಾನೆ ಎಂದರೆ ಎರಡು ಕೋಣೆ, ಒಂದು ಕಟ್ಟೆ, ಸೂರಿನಿಂದ ಇಳಿಬಿಟ್ಟ ಒಣಸೋರೆಗಳು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅರವತ್ತರ ಹತ್ತಿರದ ಬಡಕಲು ಮನುಷ್ಯ, ಕಿವಿ ಮಾತ್ರ ದೊಡ್ಡದು. ಬೈಗುಳಕ್ಕೆ ಉರ್ದು, ವ್ಯವಹಾರಕ್ಕೆ ಮರಾಠಿ, ಹೊಗಳಿಕೆಗೆ ಕನ್ನಡ ಎಂದು ಭಾಷೆಗಳನ್ನು ಹಂಚಿಟ್ಟುಕೊಂಡಿದ್ದರು. ಮೊದಲ ನಾಲ್ಕು ವರ್ಷ ಅವರಿಗೆ ಕನ್ನಡ ಬರುತ್ತದೆಂಬುದೇ ನನಗೆ ತಿಳಿದಿರಲಿಲ್ಲ.

ತಂಬೂರಿಯ ತಂತಿಗಳು ಬುರುಡೆಯ ಮೇಲೆ ಎಲುಬಿನ ಒಂದು ಚಿಕ್ಕ ಪೀಠದ ಮೇಲಿಂದ ಹಾದುಹೋಗುತ್ತವೆ. ಅದಕ್ಕೆ ಘೋಡಿ ಎನ್ನುತ್ತೇವೆ. ಆ ಎಲುಬಿನ ಮೈಯನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಉಜ್ಜಿದರೆ ತಂತಿ ಅದನ್ನು ಸವರಿಕೊಂಡು ಗುಂಯ್ ಎನ್ನುತ್ತದೆ, ಸ್ವರ ಬಿಚ್ಚಿಕೊಳ್ಳುತ್ತದೆ. ಇದೇ ಜವಾರಿ ತೆಗೆಯುವ ಕೆಲಸ. ನಮ್ಮ ಕಸುಬಿನ ಗುಟ್ಟೆಲ್ಲ ಇಷ್ಟೆ. ಉಜ್ಜುವ ಅರ, ನಮ್ಮ ಮಾತಿನಲ್ಲಿ ಕಾನಸು, ಒಂದು ಸಲ ಹೆಚ್ಚು ಓಡಿತೋ, ತಂತಿ ನೆಗಡಿ ಬಂದವರ ಹಾಗೆ ಮಾತಾಡುತ್ತದೆ. ಚಾಚಾ ಮೂರು ವರ್ಷ ನನಗೆ ಕಾನಸು ಮುಟ್ಟಗೊಡಲಿಲ್ಲ. ಬರೀ ಕೇಳು ಎಂದರು. ನಾನು ಬರೀ ಕೇಳಿದೆ. ಹೆಚ್ಚಾಗಿ ಉರ್ದು ಕೇಳಿದೆ.

ಮಿರಜ ಎಂದರೆ ರೈಲು ಜಂಕ್ಷನ್ನು, ದವಾಖಾನೆ, ತಂಬೂರಿ. ಧಾರವಾಡ, ವಿಜಾಪುರದ ಕಡೆಯಿಂದ ಬರುವವರು ಒಂದು ಕೈಯಲ್ಲಿ ರೋಗಿಯನ್ನೂ ಇನ್ನೊಂದರಲ್ಲಿ ತಂಬೂರಿಯನ್ನೂ ಹಿಡಿದು ಇಳಿಯುತ್ತಿದ್ದರು. ರೋಗಿಯನ್ನು ದವಾಖಾನೆಗೆ ಸೇರಿಸಿ ತಂಬೂರಿಯನ್ನು ನಮ್ಮಲ್ಲಿಗೆ ತರುತ್ತಿದ್ದರು. ಅಲ್ಲಿ ಡಾಕ್ಟರರು "ಎಷ್ಟು ದಿನದಿಂದ?" ಎನ್ನುತ್ತಿದ್ದರು, ಇಲ್ಲಿ ನಾವು "ಎಷ್ಟು ವರ್ಷದ್ದು?" ಎನ್ನುತ್ತಿದ್ದೆವು. ಎರಡೂ ಕಡೆ ಸುಳ್ಳೇ ಉತ್ತರ. ಮೂರು ತಿಂಗಳ ಕೆಮ್ಮನ್ನು ಮೂರು ದಿನದ್ದು ಎನ್ನುವ ಮನುಷ್ಯನೇ ಹನ್ನೆರಡು ವರ್ಷದ ತಂಬೂರಿಯನ್ನು ತನ್ನ ಅಜ್ಜನ ಗುರುವಿನದು ಎನ್ನುತ್ತಿದ್ದ. ಒಮ್ಮೆ ಹುಬ್ಬಳ್ಳಿಯ ಕಡೆಯ ಗಾಯನದ ಮಾಸ್ತರರೊಬ್ಬರು ಪೇಶ್ವೆಯವರ ಕಾಲದ ತಂಬೂರಿ ತಂದರು. ಮೇಲಿನ ಹಲಗೆ ಬಿಚ್ಚಿ ನೋಡಿದರೆ ಒಳಗೆ ನಾನೇ ಪೆನ್ಸಿಲಿನಿಂದ ಬರೆದ ಅಳತೆ. ಪೇಶ್ವೆಯವರ ಕಾಲದಿಂದಲೂ ನನ್ನ ಅಕ್ಷರ ಬದಲಾಗಿಲ್ಲವೆಂದು ತಿಳಿದು ಸಂತೋಷವಾಯಿತು. ಮಾಸ್ತರರ ಮುಂದೆ ಗಂಭೀರವಾಗಿ ತಲೆಯಾಡಿಸಿದೆ.

ಹೊಸದನ್ನು ಕಂಡರೆ ಉರಿದುಬೀಳುವುದೂ ನಮ್ಮವರ ಧರ್ಮವೇ. ಜರ್ಮನಿಯ ಉಕ್ಕಿನ ತಂತಿ ಬಂದಾಗ ಹಿರಿಯರು ಇನ್ನು ಸಂಗೀತ ಸತ್ತಿತು ಎಂದರಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದೇ ಹಿರಿಯರು ಜರ್ಮನಿಯ ತಂತಿ ಸಿಗದಿದ್ದರೆ ಸಂಗೀತ ಸತ್ತಿತು ಎನ್ನುತ್ತಿದ್ದರು.

ಐದನೆಯ ವರ್ಷ ದವಾಖಾನೆಯ ಬಿಳಿಯ ನರ್ಸಮ್ಮ ಒಬ್ಬರು ನಮ್ಮ ಕಟ್ಟೆಗೆ ಬಂದರು. ಅವರ ಕನ್ನಡ ರೋಗಿಗಳಿಂದ ಕಲಿತದ್ದು. ಆದ್ದರಿಂದ ಎಲ್ಲ ಮಾತೂ ಕಾಯಿಲೆಯ ಮಾತೇ. ಬಟ್ಟೆಯ ಗಂಟು ಬಿಚ್ಚಿ ಒಂದು ಪುಟ್ಟ ವಾದ್ಯ ತೆಗೆದಿಟ್ಟು, "ಇದಕ್ಕ ಬ್ಯಾನಿ ಆಗೇತಿ. ಎಲ್ಲಿ ನೋವೈತಿ ನೋಡ್ರಿ" ಎಂದರು.

ಸಿತಾರು ಹೆತ್ತು ಬಿಟ್ಟ ಮರಿಯ ಹಾಗಿತ್ತು. ತಂತಿ ಬಿಗಿಯುವ ನಾಲ್ಕು ಖುಂಟಿ, ಎರಡು ತಂತಿ ಮಾಯ, ಪಕ್ಕೆಯಲ್ಲಿ ಬಿರುಕು. ಅದರ ಹೆಸರು ಯುಕುಲೇಲೆ ಎಂದರು. ಚಾಚಾ ಅದನ್ನು ಒಮ್ಮೆ ನೋಡಿ ನನ್ನ ಕಡೆ ತಳ್ಳಿದರು. ನಾನು ಬಿರುಕಿಗೆ ಅಂಟು ಹಾಕಿದೆ. ನಾಲ್ಕು ತಂತಿಯ ವಾದ್ಯ ತಾನೆ, ತಂಬೂರಿಗೂ ನಾಲ್ಕೇ ತಂತಿ. ಉಳಿದಿದ್ದ ಎರಡು ಮೆತ್ತಗಿನ ತಂತಿಗಳನ್ನೂ ಕಿತ್ತೆಸೆದು ಒಳ್ಳೆಯ ಉಕ್ಕಿನ ತಂತಿ ಏರಿಸಿದೆ. ಖುಂಟಿ ತಿರುವಿದೆ. ಇನ್ನಷ್ಟು ತಿರುವಿದೆ. ಅದು ಕಿರ್ ಎಂದಿತು. ನಾನು ಅದನ್ನು ಸ್ವರ ಎಂದುಕೊಂಡೆ. ಮರುಕ್ಷಣ ತಂತಿಗಳು ತಮ್ಮ ಪೀಠವನ್ನು ಹಲಗೆಯ ಚೂರಿನೊಂದಿಗೆ ಕಿತ್ತುಕೊಂಡು ಹಾರಿ ಚಾಚಾರ ಚಹಾದ ಬಟ್ಟಲಿಗೆ ಬಿದ್ದವು. ಆ ದಿನದ ಉರ್ದುವನ್ನು ಬರೆಯುವಂತಿಲ್ಲ.

ನರ್ಸಮ್ಮ ಬಂದು ನೋಡಿ ಬೈಯಲಿಲ್ಲ, ನಕ್ಕರು. ಇದಕ್ಕೆ ಕುರಿಯ ಕರುಳಿನ ತಂತಿ, ಸಡಿಲವಾಗಿಯೇ ಇರಬೇಕು ಎಂದು ಹೇಳಿಕೊಟ್ಟರು. ಇದು ಎಲ್ಲಕ್ಕಿಂತ ಚಿಕ್ಕದು, ಇದಕ್ಕಿಂತ ನಾಲ್ಕು ಬೆರಳು ದೊಡ್ಡದಕ್ಕೆ ಕಾನ್ಸರ್ಟ್ ಎನ್ನುತ್ತಾರೆ, ಹಾಗೆಂದರೆ ಅಳತೆಯ ಹೆಸರು ಅಷ್ಟೆ ಎಂದೂ ಹೇಳಿದರು. ಹೊಸ ಹಲಗೆ ಕೂರಿಸಿ, ಅವರೇ ತಂದ ತಂತಿ ಕಟ್ಟಿ, ಹೇಗೋ ಅದನ್ನು ಬದುಕಿಸಿದೆ. ಹೀಗೆ ಒಂದು ಯುಕುಲೇಲೆಯನ್ನು ಮುರಿದ ಅನುಭವದ ಮೇಲೆ ಸಾಂಗಲಿ, ಮಿರಜ ಎರಡೂ ಊರಿಗೆ ನಾನೊಬ್ಬನೇ ಯುಕುಲೇಲೆ ತಜ್ಞನಾದೆ.

ಇದಾಗಿ ಎರಡು ವರ್ಷಕ್ಕೆ ಕಾರಖಾನೆಯ ಮುಂದೆ ಮೋಟಾರು ನಿಂತಿತು. ಇಳಿದವರು ಒಬ್ಬ ಜಹಗೀರದಾರರ ಕಾರಭಾರಿಗಳು. ಜಹಗೀರದಾರರ ಹೆಸರು ಬೇಡ. ಆಗ ನಮ್ಮ ಸುತ್ತ ದೊಡ್ಡ ಸಂಸ್ಥಾನಗಳ ನಡುವೆ ಇಂಥ ಚಿಕ್ಕ ಮನೆತನಗಳು ಬೇಕಾದಷ್ಟಿದ್ದವು. ಒಂದು ವಾಡೆ, ಒಂದು ಮೋಟಾರು, ಈಟಿ ಹಿಡಿದು ಕಾವಲು ನಿಲ್ಲುವ ಇಬ್ಬರು ಭಾಲೆಯವರು. ಎಲ್ಲರನ್ನೂ ಸರಕಾರ ಎಂದೇ ಕರೆಯಬೇಕಿತ್ತು. ಕಾರಭಾರಿಗಳು ಮಾತಾಡುತ್ತಿದ್ದುದು ಮರಾಠಿ. ಇಲ್ಲಿ ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

"ಉಕ್ಕಲೇಲಿ ತಜ್ಞರು ಯಾರ್ರಿ ಇಲ್ಲಿ?"

ಚಾಚಾ ಕಾನಸಿನ ತುದಿಯಿಂದ ನನ್ನನ್ನು ತೋರಿಸಿದರು.

ವಿಷಯ ಹೀಗಿತ್ತು. ತರುಣ ಸರಕಾರ ಮುಂಬಯಿಯಿಂದ ಹೊಚ್ಚಹೊಸ ಕಾನ್ಸರ್ಟ್ ಯುಕುಲೇಲೆ ತಂದಿದ್ದರು. ಕಾನ್ಸರ್ಟ್ ಎಂದರೆ ದರ್ಬಾರು ಎಂದು ಯಾರೋ ಹೇಳಿದ್ದರು. ಆದ್ದರಿಂದ ಅದು ದರ್ಬಾರಿನ ವಾದ್ಯ. ಆದ್ದರಿಂದ ವಾಡೆಯ ಸಂಗೀತದ ದಿವಾಣಖಾನೆ ಇನ್ನು ಅದಕ್ಕೆ. ಅಲ್ಲಿದ್ದ ಎರಡು ತಂಬೂರಿಗಳನ್ನು ಅಡಕಲ ಕೋಣೆಗೆ ಹಾಕುವುದು. ಹಾಗೆಯೇ ತುಳಸಾಬಾಯಿಯವರನ್ನು ಕೂಡ ವಾಡೆಯಿಂದ ಊರಿಗೆ ಕಳಿಸಿಬಿಡುವುದು. ತುಳಸಾಬಾಯಿ ಗೋಕಾಕದ ಕಡೆಯ ಗಾಯಕಿ. ತೀರಿಹೋದ ದೊಡ್ಡ ಸರಕಾರ ಹಾಡಿಕೆಗೆಂದು ಕರೆಸಿ ಹಿಂದಿನ ಅಂಗಳದಲ್ಲಿ ಒಂದು ಕೋಣೆ ಕೊಟ್ಟಿದ್ದರು. ಅದಾಗಿ ಮೂವತ್ತು ವರ್ಷ. ಗೋಕಾಕದಲ್ಲಿ ಈಗ ಅವರ ಪೈಕಿ ಯಾರೂ ಉಳಿದಿರಲಿಲ್ಲ.

ಆದರೆ ಸರಕಾರದ ತಾಯಿ ಆಯಿಸಾಹೇಬರು ಹಳೆಯದನ್ನು ತೆಗೆಯಲು ಒಪ್ಪಿರಲಿಲ್ಲ. ತುಳಸಾಬಾಯಿಯ ಮೇಲಿನ ಪ್ರೀತಿಯಿಂದಲ್ಲ. ಗಂಡ ಹಾಡಿಕೆಯವರಿಗೆ ಕೊಟ್ಟ ಪ್ರೀತಿಯನ್ನು ಹೆಂಡತಿಯರು ಹಂಚಿಕೊಳ್ಳುವುದು ಕಡಿಮೆ. ದೊಡ್ಡ ತಂಬೂರಿ ಮಾವನವರ ಕಾಲದ್ದು, ಮನೆತನದ ಮರ್ಯಾದೆ, ಅಷ್ಟೆ. ತಾಯಿಮಗನ ಜಗಳ ತೀರಿಸಲು ಒಬ್ಬ ತಜ್ಞ ಬಂದು ಹಳತು ಹೊಸತನ್ನು ತೂಗಿ ನೋಡಿ ಹೇಳಬೇಕು ಎಂದಾಗಿತ್ತು.

ಮೋಟಾರಿನಲ್ಲಿ ಕುಳಿತದ್ದು ಅದೇ ಮೊದಲು. ನಮ್ಮೂರಿನ ಹತ್ತಿರದ ಮಾಧವನಗರ ದಾಟುವಾಗ ಗುರುತಿನವರು ಯಾರಾದರೂ ನೋಡಲಿ ಎಂದು ಕತ್ತು ಹೊರಹಾಕಿದೆ. ಯಾರೂ ಇರಲಿಲ್ಲ.

ವಾಡೆಯಲ್ಲಿ ಕಾಲಿಟ್ಟಾಗ ಕಾರಭಾರಿಗಳು "ತೂಗಿ ನೋಡುವ" ವ್ಯವಸ್ಥೆಯನ್ನೆಲ್ಲ ಮೊದಲೇ ಮಾಡಿಸಿಟ್ಟಿದ್ದರು. ದಿವಾಣಖಾನೆಯ ನಡುವೆ ಕಣಜದಿಂದ ತಂದ ಜೋಳ ತೂಗುವ ತಕ್ಕಡಿ ನೇತಾಡುತ್ತಿತ್ತು. ನಾನು ತಮಾಷೆ ಎಂದುಕೊಂಡೆ. ಕಾರಭಾರಿಗಳು ನಗುವ ಪೈಕಿ ಅಲ್ಲ. ತೂಗಿ ನೋಡಿರಿ ಎಂದು ಸರಕಾರದ ಬಾಯಿಂದ ಬಂದ ಮೇಲೆ ತೂಗದೆ ಬಿಡುವುದುಂಟೆ?

ಯುಕುಲೇಲೆಯನ್ನು ತಕ್ಕಡಿಗಿಟ್ಟರೆ ತಟ್ಟೆ ಅಲುಗಲೇ ಇಲ್ಲ. ಆಗ ಅದರೊಂದಿಗೆ ದೀಪ ಹಚ್ಚುವ ಹಿತ್ತಾಳೆಯ ಸಮೆಯನ್ನಿಟ್ಟು ತೂಗಿ, ಆಮೇಲೆ ಸಮೆಯೊಂದನ್ನೇ ತೂಗಿ ಕಳೆದರು. ತಂಬೂರಿ ತಟ್ಟೆಯಲ್ಲಿ ನಿಲ್ಲಲಿಲ್ಲ. ಭಾಲೆಯವನೊಬ್ಬ ಅದನ್ನು ನೆಟ್ಟಗೆ ಹಿಡಿದ. ಅವನ ಕೈಯ ಭಾರವೂ ಸೇರಿತು. ಕಾರಭಾರಿಗಳ ಮುಂದೆ ಒಂದು ನಮೂನೆ ಇತ್ತು. ಅದು ಕುದುರೆ ಕೊಳ್ಳುವಾಗ ತುಂಬುವ ನಮೂನೆ, ವಾದ್ಯಕ್ಕೆಂದು ಬೇರೆ ಇರಲಿಲ್ಲ. "ಹಲ್ಲು" ಎಂಬುದನ್ನು ಹೊಡೆದುಹಾಕಿದ್ದರು. "ಕಾಲು" ಎಂಬಲ್ಲಿ "ಇಲ್ಲ" ಎಂದು ಬರೆದರು. "ಸ್ವಭಾವ" ಎಂಬಲ್ಲಿ ಬಂದು ನನ್ನ ಮುಖ ನೋಡಿದರು.

"ಶಾಂತ ಐತ್ರಿ," ಎಂದೆ.

ತೂಕವೇನೋ ಗೊತ್ತಾಯಿತು. ಹಗುರವಾದದ್ದು ಒಳ್ಳೆಯದೋ ಭಾರವಾದದ್ದು ಒಳ್ಳೆಯದೋ ಎಂದು ಯಾರೂ ಮೊದಲೇ ನಿಶ್ಚಯಿಸಿರಲಿಲ್ಲ. ಹಗುರವೆಂದರೆ ಆಧುನಿಕ ಎಂದರು ಸರಕಾರ. ಭಾರವೆಂದರೆ ಮರ್ಯಾದೆ ಎಂದರು ಆಯಿಸಾಹೇಬರು, ಬಾಗಿಲಿಗೆ ಇಳಿಬಿಟ್ಟ ಬಿದಿರಿನ ಚಿಕ್ಕಿನ ಹಿಂದಿನಿಂದ. ಆಮೇಲೆ ಅವರೇ ಕೇಳಿದರು:

"ಆ ಸಣ್ಣದರ ತಂತಿ ಯಾತರದ್ದು? ರೇಶಿಮೆದ್ದ?"

ತಜ್ಞನಾದವನಿಗೆ ಗೊತ್ತಿರುವುದನ್ನು ಹೇಳಿಬಿಡುವ ಚಟ. "ಅಲ್ಲರಿ ಆಯಿಸಾಹೇಬ, ಕುರಿ ಕರಳಿನದು."

ದಿವಾಣಖಾನೆಯ ಗೋಡೆಗೆ ಹತ್ತಿಕೊಂಡೇ ದೇವರ ಕೋಣೆ. ಒಳಗಿನಿಂದ ಬಂದ ದನಿಯಲ್ಲಿ ತಂತಿಗಿಂತ ಹೆಚ್ಚು ಬಿಗಿ ಇತ್ತು. "ಅದನ್ನ ಮೊದಲ ಹೊರಗ ಒಯ್ರಿ. ಆ ತಂಬೂರಿ ನೋಡ್ರಿ, ಎಷ್ಟ ಶುದ್ಧ. ಸೋರಿಕಾಯಿ, ಕಟ್ಟಿಗಿ, ತಂತಿ. ಬ್ಯಾರೆ ಏನೂ ಇಲ್ಲ. ಹೌದಿಲ್ರಿ?"

ಪ್ರಶ್ನೆ ನನಗೆ. ಮಾವನವರ ತಂಬೂರಿಯ ಘೋಡಿ ಅಪ್ಪಟ ಒಂಟೆಯ ಎಲುಬು. ಎರಡು ತಲೆಮಾರಿನಿಂದ ದೇವರ ಗೋಡೆಗೆ ಒರಗಿ ನಿಂತು ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಬಾಯಿ ತೆರೆದೆ. ಕಂಬದ ಬಳಿ ನಿಂತಿದ್ದ ಬಿಳಿ ಸೀರೆಯ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ದಿಟ್ಟಿಸಿ ನೋಡಿ, ತಲೆಯನ್ನು ಅಡ್ಡಕ್ಕೆ ಒಂದಿಷ್ಟೇ ಅಲ್ಲಾಡಿಸಿದರು. ಅವರೇ ತುಳಸಾಬಾಯಿ ಎಂದು ಯಾರೂ ಹೇಳಬೇಕಾಗಲಿಲ್ಲ.

"ಹೌದ್ರಿ ಆಯಿಸಾಹೇಬ," ಎಂದೆ. "ಭಾಳ ಶುದ್ಧ."

ಎಲ್ಲರೂ ಹೊರಗಿನ ಪಡಸಾಲೆಗೆ ಬಂದೆವು. ಸರಕಾರಕ್ಕೆ ಅವಮಾನವಾಗಿತ್ತು. ಇಪ್ಪತ್ತೈದರ ಒಳಗಿನ ವಯಸ್ಸು. ಯುಕುಲೇಲೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು.

"ವಾದ್ಯ ಅಂದ್ರ ದನಿ," ಎಂದರು ನನಗೆ. "ಕರಳ, ಕಟ್ಟಿಗಿ ಮಾತ ಸಾಕು. ಹಳೇದರ ದನಿ ಮ್ಯಾಲ ಅಂತೀರೇನು ನೀವು?"

"ಅದರಾಗ ಕೇಳೂದೇನೈತ್ರಿ ಸರಕಾರ."

"ಕಣ್ಣ ಮುಚ್ಚಿ ಹೇಳ್ತೀರೇನು, ಯಾವುದು ಹಳೇದು, ಯಾವುದು ಹೊಸದಂತ?"

"ಹೇಳ್ತೇನ್ರಿ."

"ಹಂಗಾದ್ರ ಆತು. ಇಲ್ಲಿ ಎರಡು ತಂಬೂರಿ ಅದಾವ. ಅಜ್ಜಾ ಅವರ ಕಾಲದ್ದು ಒಂದು. ಏಳೆಂಟು ವರ್ಷದ ಹಿಂದ ನಿಮ್ಮ ಮಿರಜದಿಂದಾನ ತರಿಸಿದ್ದು ಒಂದು. ಹಳೇದನ್ನ ದನಿ ಮ್ಯಾಲ ಗುರುತು ಹಿಡದ್ರ ದಿವಾಣಖಾನಿ ಹೆಂಗೈತಿ ಹಂಗ ಇರಲಿ, ಬಾಯಿಯವರೂ ಇರಲಿ. ತಪ್ಪಿದ್ರ ನನ್ನ ಮಾತ ನಡೀಬೇಕು."

ಪಡಸಾಲೆಯ ಬಾಗಿಲಿಗೂ ಇದ್ದ ಚಿಕ್ಕಿನ ಹಿಂದಿನಿಂದ ಆಯಿಸಾಹೇಬರು ಒಪ್ಪಿದರು. ಕಾರಭಾರಿಗಳು ಬರೆದುಕೊಂಡರು. ತುಳಸಾಬಾಯಿಯನ್ನು ಯಾರೂ ಕೇಳಲಿಲ್ಲ. ಅವರ ಕೋಣೆಯ ಬಾಗಿಲು ಪಡಸಾಲೆಯಿಂದ ಕಾಣುತ್ತಿತ್ತು. ಹೊಸ್ತಿಲ ಪಕ್ಕದಲ್ಲಿ ಒಂದು ಟ್ರಂಕು, ಹಾಸಿಗೆಯ ಸುರುಳಿ, ಹಗ್ಗ ಕಟ್ಟಿ ಇಟ್ಟದ್ದು ಕಂಡಿತು. ಎರಡೂ ತಂಬೂರಿ ನಮ್ಮ ಕಾರಖಾನೆಯವೇ ಎಂಬುದು ನನಗೆ ಗೊತ್ತಿತ್ತು. ಹಳೆಯದನ್ನು ಮಾಡಿದವರು ಚಾಚಾರ ತಂದೆ, ಹೊಸದನ್ನು ಚಾಚಾ. ಮನಸ್ಸಿನಲ್ಲೇ ನಕ್ಕೆ. ತಂದೆಯ ಕೈಯನ್ನೂ ಮಗನ ಕೈಯನ್ನೂ ಬೇರೆ ಮಾಡಿ ಹೇಳುವುದು ಕಷ್ಟವೇ? ಏಳು ವರ್ಷ ಕೇಳಿ ಕಲಿತ ಕಿವಿ. ಆ ಟ್ರಂಕಿನ ಹಗ್ಗ ಬಿಚ್ಚಿಸುವವನು ನಾನೇ ಎಂದು ಎದೆಯುಬ್ಬಿಸಿ ಕುಳಿತೆ.

ಪರದೆ ಕಟ್ಟಿದರು. ತುಳಸಾಬಾಯಿ ಹಿಂದೆ ಹೋಗಿ ಕುಳಿತು ಮೊದಲು ಒಂದನ್ನು ಮೀಟಿದರು, ಆಮೇಲೆ ಇನ್ನೊಂದನ್ನು.

ಮೊದಲನೆಯದು ಚೆನ್ನಾಗಿಯೇ ಇತ್ತು. ಆದರೆ ತುಸು ಗಂಟಲು ಕಟ್ಟಿದ ಹಾಗೆ. ಎರಡನೆಯದು ಶುರುವಾದೊಡನೆ ಪಡಸಾಲೆಯಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಭಾಲೆಯವರು ಕೂಡ ಮೈ ನೆಟ್ಟಗೆ ಮಾಡಿದರು. ನಾನು ಅರ್ಧ ನಿಮಿಷ ಮಾತಾಡಲಿಲ್ಲ. "ಹ್ಞೂಂ" ಎಂದೆ. ತಲೆಯಾಡಿಸಿದೆ. ಆಮೇಲೆ ಬಾಯಿಬಿಟ್ಟೆ.

"ಇದ, ಈ ಎರಡನೇದ್ದ ಹಳೇದು. ಈ ದನಿ ಎಂಬತ್ತು ಮಳೆಗಾಲ ಕಂಡದ್ದರಿ ಸರಕಾರ. ಬೆರಳ ತಗದ ಮ್ಯಾಲೂ ಸ್ವರಾ ನಡೀತಾನ ಇರತೈತಿ, ಕೇಳ್ರಿ. ಇಂಥಾದ್ದನ್ನ ಮಾಡು ಕೈ ಹೋಗಿಬಿಟ್ಟು. ಈಗಿನವ್ರು ಎಷ್ಟ ತಿಣುಕಿದ್ರೂ ಇದು ಬರಂಗಿಲ್ಲ. ಆ ಮೊದಲನೇದ್ದು ಪಾಪ, ಹೊಸದು. ಇನ್ನೂ ಮಾತ ಕಲೀಬೇಕು."

ಚಿಕ್ಕಿನ ಹಿಂದೆ ಆಯಿಸಾಹೇಬರ ಬಳೆ ಸದ್ದಾಯಿತು. ಒಪ್ಪಿಗೆಯ ಸದ್ದೆಂದುಕೊಂಡೆ. ಸರಕಾರವೇ ಎದ್ದು ಹೋಗಿ ಪರದೆ ಸರಿಸಿದರು.

ತುಳಸಾಬಾಯಿಯ ತೋಳಿನಲ್ಲಿದ್ದದ್ದು ಹೊಸ ತಂಬೂರಿ. ಎಂಬತ್ತು ಮಳೆಗಾಲ ಕಂಡದ್ದು ಪಕ್ಕದಲ್ಲಿ ಗೋಡೆಗೆ ಒರಗಿತ್ತು, ಕುಂಕುಮ ಹಚ್ಚಿಕೊಂಡು.

ಸರಕಾರ ಚಪ್ಪಾಳೆ ತಟ್ಟಿ ನಕ್ಕರು. ಆ ನಗೆ ನನಗೆ ಚುಚ್ಚಲಿಲ್ಲ. ಕಾರಭಾರಿಗಳ ಲೆಕ್ಕಣಿಕೆ ಕಾಗದದ ಮೇಲೆ ಕರಕರ ಎಂದದ್ದು ಚುಚ್ಚಿತು. "ಮಿರಜದ ತಜ್ಞರು ಹಳತಿಗಿಂತ ಹೊಸತನ್ನೇ ಮೇಲೆಂದು ಮಾನ್ಯ ಮಾಡಿದ್ದಾರೆ" ಎಂದು ಓದಿ ಹೇಳಿ, ಸಹಿಗಾಗಿ ನನ್ನ ಮುಂದೆ ಹಿಡಿದರು. ನಾನು ಆ ಟ್ರಂಕಿನ ಕಡೆ ನೋಡಲಾರದೆ ನೆಲ ನೋಡಿದೆ. ಒಬ್ಬ ಮುದುಕಿಯ ಸೂರು ಹೋಗಿತ್ತು. ಹೋದದ್ದು ನನ್ನ ಅಜ್ಞಾನದಿಂದಲ್ಲ, ಅಜ್ಞಾನಕ್ಕೆ ಕ್ಷಮೆ ಇದೆ. ಹೋದದ್ದು ನನ್ನ ಭಾಷಣದಿಂದ.

"ಬಾಯಿಯವರ," ಎಂದೆ ಮೆಲ್ಲಗೆ, "ತಪ್ಪಾತರಿ."

ಅವರು ಗಲ್ಲದ ಮೇಲೆ ಬೆರಳಿಟ್ಟುಕೊಂಡು ನಗುತ್ತಿದ್ದರು.

"ಏನ್ ತಪ್ಪೋ ತಮ್ಮಾ? ಆ ಹಳೇದು ನನ್ನ ಕೈಲೆ ಎತ್ತಾಕ ಆಗಾಂಗಿಲ್ಲ. ಖುಂಟಿ ಜಾರತಾವ. ಎಂಟ ವರ್ಷ ಆತು, ನಾ ಹಾಡೂದು ಈ ಹೊಸದರ ಕೂಡ. ದಿನಾ ಮುಂಜಾನೆ ಇದನ್ನ ಮಾತಾಡಸ್ತೇನಿ. ಅದಕ್ಕ ಬರೇ ಹೂವ ಏರಸ್ತಾರ. ಹೂವ ಏರಿಸಿದ್ರ ಮಾತ ಬರತೈತೇನು? ಮಂದಿ ಅದಕ್ಕ ಕೈಮುಗೀತಾರ, ನಾನೂ ಸುಮ್ಮನಿದ್ದೆ. ನನ್ನ ಯಾರ್ ಕೇಳ್ಯಾರ?"

ಅಷ್ಟರಲ್ಲಿ ಗೆದ್ದ ಹುರುಪಿನಲ್ಲಿ ಸರಕಾರ ಯುಕುಲೇಲೆ ಬಾರಿಸತೊಡಗಿದರು. ತಂತಿಗಳನ್ನು ಬೆರಳಿನಿಂದ ಒತ್ತಿ ಹಿಡಿಯುವ, ಮುಂಬಯಿಯಲ್ಲಿ ಕಲಿತ ಮೂರು ಪಟ್ಟುಗಳಿದ್ದವು. ಮೂರನ್ನೂ ಒಂದಾದ ಮೇಲೊಂದು ಹಿಡಿದು ಜಿಂಗ್ ಜಿಂಗ್ ಎನ್ನಿಸಿದರು. ಕಾರಭಾರಿಗಳು "ವಾಹವಾ" ಎಂದರು. ತುಳಸಾಬಾಯಿ ಕಲ್ಲು ತುಳಿದವರ ಹಾಗೆ ಮುಖ ಹಿಂಡಿದರು.

"ಸರಕಾರ, ಸಿಟ್ಟಾಗಬ್ಯಾಡ್ರಿ. ಆ ಕೂಸು ಅಳಾಕತ್ತೇತಿ."

"ಅಂದ್ರ?"

"ನಾಲ್ಕು ತಂತಿ ನಾಲ್ಕು ದಿಕ್ಕಿಗೆ ಎಳ್ಯಾಕತ್ತಾವ. ಅದನ್ನ ತಂದ ಮ್ಯಾಲೆ ಯಾರೂ ಸ್ವರಕ್ಕ ಹಚ್ಚಿಲ್ಲೇನ್ರಿ?"

ಯಾರೂ ಹಚ್ಚಿರಲಿಲ್ಲ. ಮುಂಬಯಿಯಿಂದ ಬಂದ ಎರಡು ತಿಂಗಳಿನಿಂದ ಆ ಹೊಸ ವಾದ್ಯ ಅಪಸ್ವರದಲ್ಲೇ ಇತ್ತು. ವಾಡೆಯಲ್ಲಿ ಎಲ್ಲರೂ ಅದನ್ನೇ ಆಧುನಿಕ ಸಂಗೀತ ಎಂದುಕೊಂಡಿದ್ದರು. ತಜ್ಞನಾದ ನಾನೂ ಆ ಹೊತ್ತಿನವರೆಗೆ ಹಾಗೆಯೇ ಅಂದುಕೊಂಡಿದ್ದೆ. ಇದರ ಮೂಲ ಸ್ವರಗಳು ಯಾವುವು ಎಂದು ತುಳಸಾಬಾಯಿ ಕೇಳಿದರು. ಪೆಟ್ಟಿಗೆಯೊಳಗೆ ಬೇರೆ ಏನಾದರೂ ಬಂದಿತ್ತೆ? ಸರಕಾರ ನೆನಪು ಮಾಡಿಕೊಂಡು, ನಾಲ್ಕು ತೂತಿನ ಒಂದು ಸೀಟಿ ಬಂದಿತ್ತು ಎಂದರು. ಎಲ್ಲಿ? ಕಾರಭಾರಿಗಳು ಕೆಮ್ಮಿದರು. ಸೀಟಿ ತಾನೆ ಎಂದು ಬೇಟೆನಾಯಿ ನೋಡಿಕೊಳ್ಳುವವನಿಗೆ ಕೊಟ್ಟಿದ್ದರು. ಭಾಲೆಯವನು ಓಡಿಹೋಗಿ ತಂದ. ಹಿಂದೆಯೇ ಎರಡು ನಾಯಿಗಳೂ ಬಂದವು.

ತುಳಸಾಬಾಯಿ ಸೀಟಿಯನ್ನು ಸೆರಗಿನಿಂದ ಮೂರು ಸಲ ಒರೆಸಿ, ಒಂದೊಂದೇ ತೂತು ಊದಿದರು. ಯುಕುಲೇಲೆಯನ್ನು ಮಡಿಲಲ್ಲಿ ಮಲಗಿಸಿಕೊಂಡರು. ಕರುಳಿನ ತಂತಿಯೆಂದು ಮುಟ್ಟಲು ಹಿಂಜರಿಯಲಿಲ್ಲ. ಖುಂಟಿ ತುಸು ತಿರುವುವುದು, ಕಿವಿ ಹಚ್ಚುವುದು, ಮತ್ತೆ ತುಸು. ಹೀಗೆ ಹತ್ತು ನಿಮಿಷ. ಆಮೇಲೆ ಸರಕಾರದ ಕೈಗೆ ಕೊಟ್ಟು, "ಈಗ ಬಾರಸ್ರಿ" ಎಂದರು.

ಸರಕಾರ ಅದೇ ಮೂರು ಪಟ್ಟು ಬಾರಿಸಿದರು. ಮೊದಲನೆಯದಕ್ಕೇ ಅವರ ಕೈ ನಿಂತಿತು. ಮುಖ ನೋಡಬೇಕಿತ್ತು. ಎರಡು ತಿಂಗಳು ಪರದೇಶದ ಭಾಷೆಯೆಂದು ಕೇಳಿದ್ದು ಇದ್ದಕ್ಕಿದ್ದ ಹಾಗೆ ತನ್ನ ಹೆಸರು ಹಿಡಿದು ಕರೆದರೆ ಹೇಗಾದೀತೋ ಹಾಗಿತ್ತು. ಮತ್ತೆ ಬಾರಿಸಿದರು. ತುಳಸಾಬಾಯಿ ತಮಗೆ ತಾವೇ ಎಂಬಂತೆ ಅದರ ಮೇಲೆ ಮೂರುನಾಲ್ಕು ಸ್ವರ ಗುನುಗಿದರು. ಆ ಸಣ್ಣ ವಾದ್ಯ ಅವರ ಸ್ವರವನ್ನು ಒಪ್ಪಿಕೊಂಡೀತು ಎಂದು ನಾನು ಎಣಿಸಿರಲಿಲ್ಲ. ಒಪ್ಪಿಕೊಂಡಿತು.

"ಇದು ಎಷ್ಟ ದಿನ ಹಿಂಗ ಇರತೈತ್ರಿ?" ಸರಕಾರ ಕೇಳಿದರು.

"ದಿನಾ ಎಲ್ಲೀದ್ರಿ ಸರಕಾರ? ಸಂಜೀತನಕ ಇದ್ರ ದೊಡ್ಡ ಮಾತು. ಹೊಸಾ ತಂತಿ, ಎಳೀತಾನ ಇರತೈತಿ. ದಿನಾ ಹಚ್ಚಬೇಕು."

"ಯಾರ್ ಹಚ್ಚಬೇಕು?"

ಸರಕಾರ ನನ್ನ ಕಡೆ ನೋಡಿದರು. ನನಗೆ ಬರುವುದಿಲ್ಲ ಎಂದೆ. ಆ ದಿನ ನಾನಾಡಿದ ಮೊದಲ ಶುದ್ಧ ಸತ್ಯ ಅದು. ಕಾರಭಾರಿಗಳ ಕಡೆ ನೋಡಿದರು. ಅವರು ನಾಯಿಗಳ ಕಡೆ ನೋಡುತ್ತಿದ್ದರು. ಕೊನೆಗೆ ಸರಕಾರ, ಹಿಂದಿನ ಅಂಗಳದ ಟ್ರಂಕನ್ನು ಒಳಗಿಡಲು ಹೇಳಿರಿ ಎಂದರು. ಕಾರಭಾರಿಗಳು ತಾವು ಬರೆದದ್ದನ್ನು ಹೊಡೆದುಹಾಕಿ, ಆ ಕುದುರೆಯ ನಮೂನೆಯ ಬೆನ್ನಿಗೇ ಹೊಸ ಹುಕುಮು ಬರೆದರು: ತುಳಸಾಬಾಯಿಯವರು ಇನ್ನು ಮುಂದೆ ವಿಲಾಯತಿ ವಾದ್ಯದ ಸ್ವರದ ಉಸ್ತುವಾರಿ ನೋಡತಕ್ಕದ್ದು. ಹೊಸ ತಂಬೂರಿ ಅವರ ಹತ್ತಿರವೇ ಇರತಕ್ಕದ್ದು. ಹಳೆಯದಕ್ಕೆ ಗಾಜಿನ ಕಪಾಟು ಮಾಡಿಸಿದರು. ಆಯಿಸಾಹೇಬರಿಗೂ ಸಮಾಧಾನವಾಯಿತು. ಯುಕುಲೇಲೆಗೆ ದಿವಾಣಖಾನೆ ಸಿಗದಿದ್ದರೂ ಪಡಸಾಲೆಯ ಗೂಟ ಸಿಕ್ಕಿತು.

ನನಗೆ ತಿರುಗಿ ಹೋಗುವಾಗ ಮೋಟಾರು ಸಿಗಲಿಲ್ಲ. ಸಾಂಗಲಿಯವರೆಗೆ ನಡೆದೆ.

ಮರುದಿನ ಮುಂಜಾನೆ ಕಾರಖಾನೆಯಲ್ಲಿ ಚಾಚಾ ಎಂದಿನಂತೆ ಕಾನಸು ಹಿಡಿದು ಕುಳಿತಿದ್ದರು. ಅವರ ತಂದೆಯ ಕೆಲಸವನ್ನು ಹತ್ತು ಜನರ ಎದುರು ಇನ್ನೂ ಮಾತು ಕಲಿಯಬೇಕು ಎಂದು ಹೇಳಿ ಬಂದಿದ್ದೆ. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳಿ ಕೆಲಸ ಕಳೆದುಕೊಳ್ಳುವುದು ಮೇಲೆಂದುಕೊಂಡು ಎಲ್ಲವನ್ನೂ ಒದರಿಬಿಟ್ಟೆ. ಉರ್ದುವಿಗೆ ಕಾದೆ. ಬರಲಿಲ್ಲ. ಕಾನಸು ನಿಂತಿತ್ತು.

"ಎರಡನೇದ್ದನ್ನ ಹಳೇದಂದಿ?" ಎಂದು ಕನ್ನಡದಲ್ಲಿ ಕೇಳಿದರು.

"ಹೌದ್ರಿ ಚಾಚಾ. ನೀವ ಮಾಡಿದ್ದನ್ನ. ತಪ್ಪಾತರಿ."

ಅವರು ಉಜ್ಜುತ್ತಿದ್ದ ಘೋಡಿಯ ಎಲುಬನ್ನು ಕೆಳಗಿಟ್ಟರು. "ನಮ್ಮ ಅಬ್ಬಾ ಹೋಗಿ ಇಪ್ಪತ್ತೆರಡ ವರ್ಷ ಆತು," ಎಂದರು. "ಬಂದವ್ರೆಲ್ಲಾ ನನ್ನ ತಂಬೂರಿ ಮೀಟಿ ನೋಡತಾರ. ಚಲೋ ಐತಿ ಅಂತಾರ. ಆಮ್ಯಾಲ, ನಿಮ್ಮ ತಂದಿ ಕೈ ಬ್ಯಾರೇನ ಇತ್ತು ಬಿಡ್ರಿ, ಅಂತಾರ. ನಾನೂ ಹೌದ್ರಿ ಅಂತೇನಿ. ಮತ್ತೇನ ಅನ್ನಲಿ?" ನನ್ನ ಕಡೆ ತಿರುಗಿ, "ಪರದೆ ಸರಸೂಕಿಂತ ಮೊದಲ ನೀ ಏನಂದಿ? ಅದನ್ನ ಹೇಳು."

ಹೇಳಿದೆ.

"ಇನ್ನೊಮ್ಮೆ ಹೇಳು."

ಹೇಳಿದೆ. ಒಳಕೋಣೆಯಿಂದ ಉಳಿದ ಕೆಲಸಗಾರರು ಬಂದು ಬಾಗಿಲಲ್ಲಿ ನಿಂತರು. ಅವರೆಲ್ಲರೂ ಕೇಳಲಿ ಎಂದು ಮೂರನೆಯ ಸಲ ಹೇಳಿಸಿದರು. ಅಷ್ಟು ಜನರ ಮುಂದೆ ನನ್ನ ಪೆದ್ದುತನವನ್ನೇ ಮತ್ತೆ ಮತ್ತೆ ಒಪ್ಪಿಸಲು ನಾಚಿಕೆಯಾಗಿ, ಈ ದನಿ ಅರವತ್ತು ಮಳೆಗಾಲ ಕಂಡದ್ದು ಎಂದು ತುಸು ಇಳಿಸಿ ಹೇಳಿದೆ.

ಚಾಚಾ ಕೈ ಎತ್ತಿ ತಡೆದರು.

"ಎಂಬತ್ತ ಅಂದಿದ್ದೆಲ್ಲ? ಎಂಬತ್ತಂತನ ಹೇಳು."